ಸಂಪಾದಕರ ಉತ್ತರ: ವ್ಯಾಪಾರದ ಲಾಭ ಯಾರ ಲೆಕ್ಕಕ್ಕೆ?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಪ್ರತಿ ದೇಶವೂ ಹೋಲಿಕೆಯಲ್ಲಿ ತನಗೆ ಹೆಚ್ಚು ಅಗ್ಗವಾಗಿ ಬೀಳುವ ಸರಕನ್ನು ತಯಾರಿಸಿ ಉಳಿದದ್ದನ್ನು ಕೊಳ್ಳುವುದು ಲಾಭಕರ ಎನ್ನುವ ತುಲನಾತ್ಮಕ ವೆಚ್ಚ ಸಿದ್ಧಾಂತವನ್ನು ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ ಸಕಲೇಶಪುರದಿಂದ ತಾವು ಬರೆದ ಪತ್ರ ತಲುಪಿದೆ. ಎರಡು ಸರಕುಗಳನ್ನೂ ಕಡಿಮೆ ದುಡಿಮೆಯಲ್ಲಿ ತಯಾರಿಸಬಲ್ಲ ದೇಶವು ಅವುಗಳಲ್ಲೊಂದನ್ನು ಹೊರಗಿನಿಂದ ಕೊಳ್ಳುವುದೇಕೆ ಎಂಬುದು ತಮ್ಮ ಮೊದಲ ಪ್ರಶ್ನೆ. ವ್ಯಾಪಾರದಿಂದ ಎಲ್ಲರಿಗೂ ಲಾಭವೆಂದು ಲೇಖನ ಹೇಳುತ್ತಿರುವಾಗ, ಹೊರದೇಶದ ಕಾಳುಮೆಣಸು ಬಂದಿಳಿದಂತೆಲ್ಲ ತಮ್ಮ ತೋಟದ ಮೆಣಸಿನ ಬೆಲೆ ಇಳಿಯುವುದನ್ನು ಯಾವ ಲಾಭದ ಲೆಕ್ಕಕ್ಕೆ ಬರೆದುಕೊಳ್ಳಬೇಕು ಎಂಬುದು ಎರಡನೆಯದು. ಈ ಎರಡನೆಯ ಪ್ರಶ್ನೆಗೆ ನಮ್ಮ ಲೇಖನದಲ್ಲಿ ಉತ್ತರವಿರಲಿಲ್ಲ, ಇರಬೇಕಾಗಿತ್ತು.

ಮೊದಲನೆಯದಕ್ಕೆ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ಕೊಟ್ಟ ಉದಾಹರಣೆಯೇ ಸಾಕು. ಗೊತ್ತಾದ ಒಂದು ಅಳತೆಯ ಬಟ್ಟೆಗೆ ಇಂಗ್ಲೆಂಡಿನಲ್ಲಿ 100 ಜನರ ಒಂದು ವರ್ಷದ ದುಡಿಮೆ ಬೇಕು, ವೈನಿಗೆ 120 ಜನರದು. ಪೋರ್ಚುಗಲ್ಲಿನಲ್ಲಿ ಬಟ್ಟೆಗೆ 90, ವೈನಿಗೆ 80. ಪೋರ್ಚುಗಲ್ ಎರಡರಲ್ಲೂ ಮುಂದಿದೆ. ಆದರೂ ಅದು ಬಟ್ಟೆಯನ್ನು ತಾನೇ ನೇಯ್ದುಕೊಳ್ಳುವ ಬದಲು 80 ಜನರಿಂದ ವೈನ್ ತಯಾರಿಸಿ ಇಂಗ್ಲೆಂಡಿನ ಬಟ್ಟೆಯೊಡನೆ ಸರಿಗೆ ಸರಿ ವಿನಿಮಯ ಮಾಡಿಕೊಂಡರೆ 10 ಜನರ ದುಡಿಮೆ ಉಳಿಯುತ್ತದೆ. ಇಂಗ್ಲೆಂಡಿಗೆ 20 ಜನರದು ಉಳಿಯುತ್ತದೆ. ಒಟ್ಟು 390 ಜನರಿಂದ ಆಗುತ್ತಿದ್ದ ಕೆಲಸ 360 ಜನರಿಂದ ಆಗುತ್ತದೆ. ಒಂದು ಅಳತೆ ವೈನಿಗೆ ಸಿಗುವ ಬಟ್ಟೆಯು ಸುಮಾರು 0.89 ಅಳತೆಗಿಂತ ಹೆಚ್ಚು, 1.2 ಅಳತೆಗಿಂತ ಕಡಿಮೆ ಇರುವ ತನಕ ಇಬ್ಬರಿಗೂ ಲಾಭವುಂಟು. ಆ ಅಂತರದೊಳಗೆ ಬೆಲೆ ಎಲ್ಲಿ ನಿಲ್ಲುತ್ತದೆಯೋ ಅದರಂತೆ ಲಾಭದ ಪಾಲು ಹಂಚಿಹೋಗುತ್ತದೆ.

ಈ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದರೊಳಗೆ ಇರುವುದು ದುಡಿಮೆಯೊಂದೇ. ಮಗ್ಗವಿಲ್ಲ, ದ್ರಾಕ್ಷಿ ಬಳ್ಳಿಯಿಲ್ಲ, ಸಾಲವಿಲ್ಲ. ಪೋರ್ಚುಗಲ್ಲಿನ 90 ನೇಕಾರರು ಇಂದು ಮಗ್ಗ ಬಿಟ್ಟೆದ್ದು ನಾಳೆ ಬೆಳಗ್ಗೆ ದ್ರಾಕ್ಷಿ ತೋಟದಲ್ಲಿ ಅದೇ ನೈಪುಣ್ಯದಿಂದ ದುಡಿಯುತ್ತಾರೆಂದು ಅದು ಭಾವಿಸುತ್ತದೆ. ಹಾಗೆ ಭಾವಿಸಿದಾಗ ಉತ್ಪಾದಕನಿಗೆ ನಷ್ಟವಾಗುವ ಪ್ರಶ್ನೆಯೇ ಹುಟ್ಟುವುದಿಲ್ಲ. ಚರಿತ್ರೆಯಲ್ಲಿ ಆದದ್ದು ಬೇರೆ. 1703ರ ಮೆಥುಯೆನ್ ಒಪ್ಪಂದದಂತೆ ಪೋರ್ಚುಗಲ್ಲಿನ ವೈನಿಗೆ ಇಂಗ್ಲೆಂಡಿನಲ್ಲಿ ಫ್ರಾನ್ಸಿನ ವೈನಿಗಿಂತ ಮೂರನೆಯ ಒಂದು ಪಾಲು ಕಡಿಮೆ ಸುಂಕ ನಿಗದಿಯಾಯಿತು, ಇಂಗ್ಲೆಂಡಿನ ಉಣ್ಣೆ ಬಟ್ಟೆಗೆ ಪೋರ್ಚುಗಲ್ಲಿನ ಬಾಗಿಲು ತೆರೆಯಿತು. ಅದಕ್ಕೆ ಹಿಂದಿನ ದಶಕಗಳಲ್ಲಿ ಸರ್ಕಾರದ ಆಸರೆಯಿಂದ ಕೊವಿಲ್ಯಾದಂಥ ಊರುಗಳಲ್ಲಿ ತಲೆಯೆತ್ತಿದ್ದ ಉಣ್ಣೆ ನೇಯ್ಗೆ ಹಿಂದೆ ಬಿತ್ತು. ಗೆದ್ದ ಪಕ್ಷವಾದ ದೌರೊ ಕಣಿವೆಯ ದ್ರಾಕ್ಷಿ ಬೆಳೆಗಾರರೂ ನಿಶ್ಚಿಂತರಾಗಲಿಲ್ಲ. ವೈನಿನ ಬೆಲೆ ಕುಸಿದಾಗ 1756ರಲ್ಲಿ ಮಂತ್ರಿ ಪೊಂಬಾಲ್ ಅಲ್ಲಿನ ಉತ್ಪಾದನೆಯನ್ನು ನಿಯಂತ್ರಿಸಲು ಕಂಪನಿಯೊಂದನ್ನೇ ಸ್ಥಾಪಿಸಬೇಕಾಯಿತು.

ಈಗ ತಮ್ಮ ತೋಟಕ್ಕೆ ಬರುತ್ತೇನೆ. ಈ ಸಿದ್ಧಾಂತದ ಎರಡೂ ಮುಖಗಳು ಒಂದೇ ಬೇಲಿಯೊಳಗೆ ಕಾಣುವ ಜಾಗ ಅದು. ನೆರಳಿನಲ್ಲಿ ಬೆಳೆಯುವ ಕಾಫಿ ರಫ್ತಿನ ಬೆಳೆ: ದೇಶದ ಕಾಫಿಯ ಹೆಚ್ಚಿನ ಪಾಲು ಹೊರಗೆ ಹೋಗುತ್ತದೆ, ಹೊರಗಿನ ಮಾರುಕಟ್ಟೆ ಇಲ್ಲದಿದ್ದರೆ ತಮಗೆ ಈಗಿನ ಬೆಲೆ ಸಿಗಲಾರದು. ಅದೇ ನೆರಳು ಕೊಡುವ ಸಿಲ್ವರ್ ಓಕ್ ಮರವನ್ನು ತಬ್ಬಿಕೊಂಡ ಮೆಣಸಿನ ಬಳ್ಳಿಯು ವಿಯೆಟ್ನಾಂ ಮತ್ತು ಶ್ರೀಲಂಕಾದ ಬೆಳೆಯೊಡನೆ ಸೆಣಸಬೇಕಾಗಿದೆ. ಒಂದರಲ್ಲಿ ತಾವು ರಿಕಾರ್ಡೊನ ವೈನ್ ತಯಾರಕರು, ಇನ್ನೊಂದರಲ್ಲಿ ನೇಕಾರರು. ನೆಟ್ಟ ಬಳ್ಳಿ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಸೊರಗು ರೋಗಕ್ಕೆ ಅಂಜಿ ಪ್ರತಿ ಮಳೆಗಾಲವನ್ನೂ ಕಳೆಯಬೇಕು. ಹಾಗೆ ಕಾದು ಹೂಡಿದ ಹಣವನ್ನು ಬೆಲೆ ಇಳಿದ ವರ್ಷ ಬಳ್ಳಿಯಿಂದ ಬಿಡಿಸಿಕೊಂಡು ಕಾಫಿ ಗಿಡಕ್ಕೆ ಸೇರಿಸಲು ಬರುವುದಿಲ್ಲ. ಕದಲಿಸಲಾಗದ ಹೂಡಿಕೆ ಯಾರದೋ, ಆಮದಿನ ಹೊಡೆತವೂ ಅವರದೇ. ಅರ್ಥಶಾಸ್ತ್ರದ ನಂತರದ ತಲೆಮಾರುಗಳು ಇದನ್ನು ಒಪ್ಪಿಕೊಂಡಿವೆ.

ಒಪ್ಪಂದ ಮಾಡುವವರಿಗೂ ಇದು ತಿಳಿಯದ ವಿಷಯವಲ್ಲ. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್‌ನೊಡನೆ ಭಾರತ ಮಾಡಿಕೊಂಡು 2010ರಲ್ಲಿ ಜಾರಿಗೆ ಬಂದ ವ್ಯಾಪಾರ ಒಪ್ಪಂದದಲ್ಲಿ ಕಾಳುಮೆಣಸನ್ನು ಕಾಫಿ, ಚಹಾ, ತಾಳೆ ಎಣ್ಣೆಗಳೊಂದಿಗೆ ವಿಶೇಷ ಉತ್ಪನ್ನಗಳ ಪಟ್ಟಿಗೆ ಸೇರಿಸಿ, ಅದರ ಸುಂಕವನ್ನು ಶೇ 70ರಿಂದ ಶೇ 50ಕ್ಕೆ ಹಲವು ವರ್ಷಗಳಲ್ಲಿ ಹಂತಹಂತವಾಗಿ ಇಳಿಸಲು ಒಪ್ಪಲಾಯಿತು. ಆದರೆ ಶ್ರೀಲಂಕಾದೊಡನೆ 2000ದಿಂದಲೇ ಜಾರಿಯಲ್ಲಿದ್ದ ವ್ಯಾಪಾರ ಒಪ್ಪಂದದ ದಾರಿ ಇದಕ್ಕಿಂತ ಅಗ್ಗವಾಗಿತ್ತು, ಮತ್ತು ವಿಯೆಟ್ನಾಂ ಮೆಣಸೇ ಆ ದಾರಿಯಲ್ಲಿ ಬರುತ್ತಿದೆಯೆಂದು ಬೆಳೆಗಾರರು ದೂರಿದರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನು, ಎಂದರೆ ಅದಕ್ಕಿಂತ ಅಗ್ಗದ ಮೆಣಸನ್ನು ತರುವಂತಿಲ್ಲವೆಂಬ ಮಿತಿಯನ್ನು, ಗೊತ್ತುಮಾಡಿತು. ಅದರ ಭಾರ ಕೊಳ್ಳುವ ಮನೆಗಳ ಮೇಲೂ ಮಸಾಲೆ ತಯಾರಕರ ಮೇಲೂ ಬೀಳುತ್ತದೆಂಬುದನ್ನು ತಾವೂ ಒಪ್ಪುವಿರಿ. ಮಸಾಲೆ ತಯಾರಕರೂ ಉತ್ಪಾದಕರೇ.

ವ್ಯಾಪಾರದಿಂದ ಗೆದ್ದವರು ಸೋತವರ ನಷ್ಟವನ್ನು ತುಂಬಿಕೊಟ್ಟ ಮೇಲೂ ಅವರ ಕೈಯಲ್ಲಿ ಲಾಭ ಮಿಗಬಲ್ಲದು ಎಂಬುದು ಈ ವಾದದ ಕೊನೆಯ ಆಧಾರ. ತುಂಬಿಕೊಡಬಲ್ಲರು ಎಂಬುದಕ್ಕೂ ತುಂಬಿಕೊಟ್ಟರು ಎಂಬುದಕ್ಕೂ ಬಹಳ ದೂರವಿದೆ. ಅಮೆರಿಕವು 1962ರಲ್ಲಿ, ಸುಂಕ ಇಳಿಸುವ ಕಾಯಿದೆಯೊಳಗೇ, ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ನೆರವು ಕೊಡುವ ಏರ್ಪಾಡನ್ನು ಬರೆಯಿತು. ಅದು ಸಾಲದೆ ಹೋಯಿತೆಂಬ ಟೀಕೆ ಅಲ್ಲಿ ಇಂದಿಗೂ ಇದೆ. ಆದರೂ ಸೋಲುವವರು ಇದ್ದಾರೆಂದು ಕಾಯಿದೆಯೇ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಮೆಣಸಿನಂಥ ದೀರ್ಘಾವಧಿ ಬೆಳೆಗಳ ಸುಂಕವನ್ನು ಇಳಿಸುವಾಗ ಬಳ್ಳಿಯ ಆಯುಷ್ಯವನ್ನು ನೋಡಿ ಕಾಲಾವಧಿ ನಿಗದಿಯಾಗಬೇಕು, ಮರುನಾಟಿಯ ಸಾಲಕ್ಕೆ ಅದೇ ಒಪ್ಪಂದದ ಜೊತೆಗೆ ಹಣ ಮೀಸಲಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲೇಖನದಲ್ಲಿದ್ದ ‘ವ್ಯಾಪಾರದಿಂದ ಎಲ್ಲರಿಗೂ ಲಾಭ’ ಎಂಬ ವಾಕ್ಯವನ್ನು ‘ವ್ಯಾಪಾರ ಮಾಡುವ ಎರಡೂ ದೇಶಗಳ ಒಟ್ಟು ಆದಾಯಕ್ಕೆ ಲಾಭ, ಆಮದಿನೊಡನೆ ಪೈಪೋಟಿ ನಡೆಸುವ ಉತ್ಪಾದಕರಿಗೆ ನಷ್ಟವಾಗಬಹುದು’ ಎಂದು ಓದಿಕೊಳ್ಳಬೇಕೆಂದು ತಮ್ಮಲ್ಲಿಯೂ ಉಳಿದ ಓದುಗರಲ್ಲಿಯೂ ವಿನಂತಿಸುತ್ತೇನೆ.

ಸಂಪಾದಕ