ಶೋ ಹತ್ತಕ್ಕೆ ಮುಗಿಯುತ್ತದೆ, ಆಮೇಲೆ? ರಾಕ್ ಕಾರ್ಯಕ್ರಮಕ್ಕೆ ಹೊರಟವರ ಪ್ರಶ್ನೆಗಳು

ಪ್ರಶ್ನೆ: ಮಗಳಿಗೆ 19 ವರ್ಷ. ಮುಂದಿನ ತಿಂಗಳು ಮೂವರು ಗೆಳತಿಯರ ಜೊತೆ ಮಾದಾವರದ ಕಡೆ ಬಯಲಿನಲ್ಲಿ ನಡೆಯುವ ರಾಕ್ ಶೋಗೆ ಹೋಗುತ್ತಾಳಂತೆ. ನಮ್ಮ ಮನೆ ಬನಶಂಕರಿಯಲ್ಲಿ. ಇಂಥವು ನಡುರಾತ್ರಿವರೆಗೂ ನಡೆಯುತ್ತವಾ? ಅಷ್ಟು ದೂರದಿಂದ ಹುಡುಗಿಯರು ವಾಪಸ್ ಬರುವುದು ಹೇಗೆ?
— ಒಬ್ಬ ತಾಯಿ, ಬೆಂಗಳೂರು

ಉತ್ತರ: ನಡುರಾತ್ರಿವರೆಗೆ ನಡೆಯುವುದಿಲ್ಲಮ್ಮ. 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷಕ್ಕೆ 15 ದಿನ ಮೀರದಂತೆ 12ರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಆದರೆ ಟಿಕೆಟ್ ಇಟ್ಟು ಮಾಡುವ ಶೋಗಳು ಅದನ್ನು ನಂಬಿ ಕೂರುವುದಿಲ್ಲ. ಮುಖ್ಯ ಬ್ಯಾಂಡ್ ಎಂಟರ ಆಸುಪಾಸಿಗೆ ವೇದಿಕೆ ಹತ್ತಿ ಹತ್ತಕ್ಕೆ ಇಳಿಯುವುದೇ ಇಲ್ಲಿನ ರೂಢಿ. ನಿಜವಾದ ಕಷ್ಟ ಶುರುವಾಗುವುದು 10 ಗಂಟೆ 5 ನಿಮಿಷಕ್ಕೆ. ಸಾವಿರಾರು ಜನ ಒಂದೇ ಸಲ ಗೇಟಿನ ಕಡೆ ತಿರುಗುತ್ತಾರೆ.

ನಿಮ್ಮ ಮನೆಯ ಮಟ್ಟಿಗೆ ಇದು ಸುಲಭದ ದಾರಿ. 2024ರ ನವೆಂಬರಿನಿಂದ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೆ ಓಡುತ್ತಿದೆ. ಅಲ್ಲಿ ಹತ್ತಿದರೆ ಯಶವಂತಪುರ, ಮೆಜೆಸ್ಟಿಕ್, ಜಯನಗರ ದಾಟಿ ನೇರ ಬನಶಂಕರಿ. ಎಲ್ಲೂ ರೈಲು ಬದಲಿಸಬೇಕಿಲ್ಲ. ಕೊನೆಯ ರೈಲು ಎಷ್ಟಕ್ಕೆ ಎಂಬುದನ್ನು ಆ ವಾರವೇ ಮೆಟ್ರೊ ಆ್ಯಪ್‌ನಲ್ಲಿ ನೋಡಿಕೊಳ್ಳಿ. ದೊಡ್ಡ ಕಾರ್ಯಕ್ರಮದ ದಿನ ಕೆಲವೊಮ್ಮೆ ಸಮಯ ವಿಸ್ತರಿಸುತ್ತಾರೆ, ಪ್ರತಿ ಸಲವೂ ಅಲ್ಲ. ನಾಲ್ವರ ಹತ್ತಿರವೂ ಸ್ಮಾರ್ಟ್ ಕಾರ್ಡ್ ಇರಲಿ, ತಲಾ 200 ರೂಪಾಯಿ ತುಂಬಿಸಿಕೊಂಡೇ ಹೊರಡಲಿ. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಗರಿಷ್ಠ ದರ 90 ರೂಪಾಯಿ ಆಗಿದೆ, ಹೋಗಿಬರಲು ಅಷ್ಟು ಸಾಕು. ವಾಪಸ್ ಬರುವಾಗ ಫೋನಿನಲ್ಲಿ ಟಿಕೆಟ್ ತೆಗೆಯುತ್ತೇನೆ ಎಂದುಕೊಂಡವರೇ ಸಿಕ್ಕಿಬೀಳುವುದು. ಅಷ್ಟು ಜನ ಸೇರಿದ ಕಡೆ ಇಂಟರ್ನೆಟ್ ಉಸಿರಾಡುವುದಿಲ್ಲ.

ಕೊನೆಯ ಹಾಡಿಗೆ ಹತ್ತು ನಿಮಿಷ ಮೊದಲು ಹಿಂದಕ್ಕೆ ಸರಿದು ಗೇಟಿನ ಹತ್ತಿರ ನಿಂತು ಕೇಳುವಂತೆ ಮಗಳಿಗೆ ಹೇಳಿ. ಹಾಡು ತಪ್ಪುವುದಿಲ್ಲ, ನಿಲ್ದಾಣದ ಸಾಲಿನಲ್ಲಿ ಅರ್ಧ ಗಂಟೆ ಉಳಿಯುತ್ತದೆ. ಒಳಗೆ ಕಾಲಿಟ್ಟ ತಕ್ಷಣ ನಾಲ್ವರೂ ಒಂದು ಗುರುತಿನ ಜಾಗ ಗೊತ್ತುಮಾಡಿಕೊಳ್ಳಬೇಕು. ‘ಫುಡ್ ಸ್ಟಾಲ್ ಹತ್ತಿರ’ ಎಂದರೆ ಸಾಲದು, ಸ್ಟಾಲ್‌ಗಳು ಇಪ್ಪತ್ತು ಇರುತ್ತವೆ. ‘ಮೂರನೇ ಲೈಟ್ ಕಂಬದ ಬುಡದಲ್ಲಿ, ಹತ್ತು ಹತ್ತಕ್ಕೆ’ ಎನ್ನುವಷ್ಟು ಖಚಿತವಾಗಿರಲಿ. ವಾಟ್ಸ್ಆ್ಯಪ್ ಹೋಗದಿದ್ದರೂ ಸಾದಾ ಎಸ್ಸೆಮ್ಮೆಸ್ ಎಷ್ಟೋ ಸಲ ಹೋಗುತ್ತದೆ.

ಗೇಟಿನ ಎದುರು ಕ್ಯಾಬ್ ಬುಕ್ ಮಾಡಿದರೆ ದರ ಎರಡು ಮೂರು ಪಟ್ಟು, ಗಾಡಿ ಒಳಗೆ ಬರುವುದೂ ಇಲ್ಲ. ‘ಒಂದು ಕಿಲೋಮೀಟರ್ ನಡೆದು ಹೋಗಿ ಬುಕ್ ಮಾಡಿ’ ಎಂದು ಕೆಲವರು ಹೇಳುತ್ತಾರೆ. ಹೆದ್ದಾರಿ ಅಂಚಿನ ಕತ್ತಲಲ್ಲಿ ಅದು ಬೇಡ. ನಿಲ್ದಾಣದ ಕಡೆ ಹೋಗುವ ಜನರ ಜೊತೆಗೇ ಇರುವುದು ಕ್ಷೇಮ. ಬನಶಂಕರಿಯಲ್ಲಿ ಇಳಿದ ಮೇಲೆ ಮನೆಗೆ ಆಟೊ ಬೇಕಾದರೆ ಲೆಕ್ಕ ತಿಳಿದಿರಲಿ. 2025ರ ಆಗಸ್ಟಿನಿಂದ ಮೀಟರ್ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ನಂತರ ಕಿ.ಮೀ.ಗೆ 18. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ಅಂದರೆ 5 ಕಿ.ಮೀ.ಗೆ 135 ರೂಪಾಯಿ.

ಪ್ರಶ್ನೆ: ಕಳೆದ ಸಲ ಶೋ ನೋಡಿ ಬಂದ ಮೇಲೆ ಮಾರನೇ ದಿನ ಸಂಜೆಯವರೆಗೂ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿತ್ತು. ಈಗ ಸರಿಹೋಗಿದೆ. ಮುಂದಿನ ಸಲ ಹತ್ತಿ ಇಟ್ಟುಕೊಂಡರೆ ಸಾಕೇ?
— ಓದುಗ, ದಾವಣಗೆರೆ

ಉತ್ತರ: ಸಾಲದು. ಹತ್ತಿಯ ಎಳೆಗಳ ನಡುವೆ ಗಾಳಿ ನುಸುಳುತ್ತದೆ, ಗಾಳಿ ನುಸುಳಿದಲ್ಲಿ ಸದ್ದೂ ನುಸುಳುತ್ತದೆ. ಇನ್ನು ‘ಸರಿಹೋಗಿದೆ’ ಎಂಬ ಮಾತಿನ ಬಗ್ಗೆ ಸ್ವಲ್ಪ ಗಂಭೀರವಾಗಿ ಹೇಳಬೇಕು. ಗುಂಯ್‌ಗುಡುವುದು ನಿಂತಿದೆ ಎಂದರೆ ಹಾನಿ ಆಗಿಲ್ಲ ಎಂದಲ್ಲ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲೆಳೆಯಂಥ ಕೋಶಗಳಿವೆ. ಅವು ದಣಿದರೆ ಚೇತರಿಸಿಕೊಳ್ಳುತ್ತವೆ, ಸತ್ತರೆ ಮತ್ತೆ ಹುಟ್ಟುವುದಿಲ್ಲ. ಪ್ರತಿ ಸಲವೂ ಒಂದಿಷ್ಟು ಸಾಯುತ್ತಾ ಹೋಗಿ, ನಲವತ್ತು ದಾಟಿದ ಮೇಲೆ ಗದ್ದಲದ ಹೋಟೆಲಿನಲ್ಲಿ ಎದುರು ಕುಳಿತವರ ಮಾತು ಹಿಡಿಯದಾದಾಗ ಗೊತ್ತಾಗುತ್ತದೆ.

ಲೆಕ್ಕ ಹೀಗೆ: 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು ಎಂಬುದು ಒಪ್ಪಿತ ಮಿತಿ. ಮೇಲೆ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 97ಕ್ಕೆ ಅರ್ಧ ಗಂಟೆ, 100ಕ್ಕೆ 15 ನಿಮಿಷ. ರಾಕ್ ಶೋನಲ್ಲಿ 100 ಮುಟ್ಟುವುದು ಮಾಮೂಲು, ನಡೆಯುವುದೋ ಎರಡು ಗಂಟೆ. ಈಗ ಕಿವಿಗೆ 15 ಡೆಸಿಬೆಲ್ ಕಡಿಮೆ ಮಾಡುವ ಪ್ಲಗ್ ಹಾಕಿ ನೋಡಿ. 100 ಇದ್ದದ್ದು 85 ಆಯಿತು, 15 ನಿಮಿಷ ಇದ್ದದ್ದು 8 ಗಂಟೆ ಆಯಿತು. ಇಡೀ ಟಿಕೆಟ್ ಖರ್ಚಿನಲ್ಲಿ ಇದಕ್ಕಿಂತ ಕಡಿಮೆ ದುಡ್ಡಿಗೆ ಇಷ್ಟು ದೊಡ್ಡ ಲಾಭ ಬೇರೆ ಯಾವುದರಲ್ಲೂ ಇಲ್ಲ.

ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಫೋಮ್ ಪ್ಲಗ್ ಸಾಕು, ಆದರೆ ಬಹಳ ಜನ ಅದನ್ನು ಕಿವಿಯ ಬಾಯಿಗೆ ಬಿರಡೆಯಂತೆ ಸಿಕ್ಕಿಸಿ ಬಿಡುತ್ತಾರೆ. ಆಗ ಪೊಟ್ಟಣದ ಮೇಲೆ ಬರೆದ ಅಂಕಿಯ ಅರ್ಧವೂ ಸಿಗುವುದಿಲ್ಲ. ಮೊದಲು ಕೈ ತೊಳೆದು ಒಣಗಿಸಿ. ಪ್ಲಗ್ಗನ್ನು ಹೆಬ್ಬೆರಳು ತೋರುಬೆರಳ ನಡುವೆ ಹೂಬತ್ತಿ ಹೊಸೆದಂತೆ ಹೊಸೆಯಿರಿ, ಸುಕ್ಕಿಲ್ಲದೆ ಪೆನ್ಸಿಲ್‌ಗಿಂತ ಸಣ್ಣಗಾಗಬೇಕು. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಬಲಗಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಕಿವಿಯ ನಾಳ ಸೊಟ್ಟಗಿರುತ್ತದೆ, ಎಳೆದಾಗ ನೆಟ್ಟಗಾಗುತ್ತದೆ. ಆಗ ಒಳಗೆ ತೂರಿಸಿ, ಬೆರಳ ತುದಿಯಲ್ಲಿ ಒತ್ತಿಹಿಡಿದು 30ರವರೆಗೆ ಎಣಿಸಿ. ಫೋಮ್ ಮೆಲ್ಲಗೆ ಉಬ್ಬಿ ಗೋಡೆಗೆ ಕೂರುವುದು ಬೆರಳಿಗೇ ತಿಳಿಯುತ್ತದೆ. ಪರೀಕ್ಷೆಗೆ ಎರಡೂ ಕಿವಿಯನ್ನು ಅಂಗೈಯಿಂದ ಮುಚ್ಚಿ ನೋಡಿ. ಸದ್ದು ಇನ್ನೂ ಚೆನ್ನಾಗಿ ಇಳಿಯಿತು ಎಂದರೆ ಪ್ಲಗ್ ಕೂತಿಲ್ಲ, ತೆಗೆದು ಮತ್ತೆ ಹೊಸೆಯಿರಿ. ತೆಗೆಯುವಾಗ ತಿರುಗಿಸುತ್ತಾ ನಿಧಾನ ಎಳೆಯಬೇಕು, ಸರ್ರನೆ ಕಿತ್ತರೆ ಕಿವಿಯ ತಮಟೆಗೆ ನೋವಾಗುತ್ತದೆ.

ಫೋಮ್‌ನ ಒಂದು ದೋಷ ಒಪ್ಪಿಕೊಳ್ಳಬೇಕು. ಅದು ತೀಕ್ಷ್ಣ ಸ್ವರಗಳನ್ನು ಹೆಚ್ಚು ನುಂಗುತ್ತದೆ, ಹಾಗಾಗಿ ಡ್ರಮ್ಸ್ ಜೊತೆಗಿನ ತಾಳದ ತಟ್ಟೆ (ಸಿಂಬಲ್) ಮಂಕು, ಹಾಡುಗಾರರ ಮಾತು ಕಂಬಳಿಯೊಳಗಿಂದ ಬಂದಂತೆ ಕೇಳುತ್ತದೆ. ವರ್ಷಕ್ಕೆ ನಾಲ್ಕೈದು ಶೋ ನೋಡುವವರು ಸಂಗೀತಗಾರರಿಗೆಂದೇ ಮಾಡಿದ ಫಿಲ್ಟರ್ ಇರುವ ಸಿಲಿಕೋನ್ ಪ್ಲಗ್ ಕೊಳ್ಳಿ. ಅದು ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಒಂದೇ ಸಮ ಇಳಿಸುತ್ತದೆ, ತೊಳೆದು ಮತ್ತೆ ಬಳಸಬಹುದು.

ಎರಡು ದಿನ ಕಳೆದರೂ ಗುಂಯ್‌ಗುಡುವುದು ನಿಲ್ಲದಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಒಂದು ಕಿವಿ ಇದ್ದಕ್ಕಿದ್ದಂತೆ ಮುಚ್ಚಿಹೋದಂತಾದರೆ ಅಂದೇ ಹೋಗಿ. ಅದಕ್ಕೆ ಕೊಡುವ ಔಷಧಿ ಮೊದಲ ಕೆಲವು ದಿನಗಳಲ್ಲೇ ಹೆಚ್ಚು ಕೆಲಸ ಮಾಡುವುದು.

ಪ್ರಶ್ನೆ: ಫ್ಯಾನ್ ಪಿಟ್ (ವೇದಿಕೆಗೆ ಅಂಟಿಕೊಂಡು ನಿಂತು ನೋಡುವ ಜಾಗ) ಟಿಕೆಟ್ಟಿಗೆ ಎರಡು ಪಟ್ಟು ದುಡ್ಡು. ಸಂಗೀತ ಅಲ್ಲಿ ಚೆನ್ನಾಗಿ ಕೇಳುತ್ತದೆಯೇ? ನೂಕುನುಗ್ಗಲಾದರೆ ಏನು ಮಾಡಬೇಕು?
— ಓದುಗರು, ಮೈಸೂರು

ಉತ್ತರ: ಮುಖ ನೋಡಬೇಕಾದರೆ ಪಿಟ್, ಹಾಡು ಕೇಳಬೇಕಾದರೆ ಹಿಂದೆ. ದೊಡ್ಡ ಸ್ಪೀಕರ್‌ಗಳನ್ನು ವೇದಿಕೆಯ ಎರಡು ಬದಿಗೆ ಎತ್ತರದಲ್ಲಿ ತೂಗುಹಾಕಿ, ಬಯಲಿನ ಕಡೆ ಗುರಿಯಿಟ್ಟಿರುತ್ತಾರೆ. ಬ್ಯಾರಿಕೇಡಿಗೆ ಅಂಟಿ ನಡುವೆ ನಿಂತವರ ತಲೆಯ ಮೇಲೆ ಆ ಸದ್ದು ಹಾದುಹೋಗುತ್ತದೆ. ಅವರಿಗೆ ಸಿಗುವುದು ನೆಲದಲ್ಲಿಟ್ಟ, ತಗ್ಗಿನ ಸ್ವರ ಹೊಮ್ಮಿಸುವ ಸಬ್‌ವೂಫರ್‌ಗಳ ಗುದ್ದು, ಡ್ರಮ್ಸ್, ಗಿಟಾರಿನ ಸದ್ದು ಹೆಚ್ಚಿಸುವ ಆ್ಯಂಪ್ ಪೆಟ್ಟಿಗೆ. ಹಾಡಿನ ಮಾತು ಮುಳುಗಿಹೋಗುತ್ತದೆ. ಮೈದಾನದ ನಡುವೆ ಟಾರ್ಪಾಲು ಹೊದಿಸಿದ ಒಂದು ಅಟ್ಟಣೆ ಇರುತ್ತದಲ್ಲ, ಸೌಂಡ್ ಎಂಜಿನಿಯರ್ ಕೂರುವುದು ಅಲ್ಲೇ. ಅವರು ತಮ್ಮ ಕಿವಿಗೆ ಬಿದ್ದದ್ದನ್ನು ಕೇಳಿಯೇ ಎಲ್ಲವನ್ನೂ ಹದ ಮಾಡುವುದು. ಅದರ ಮುಂದೆ ನಾಲ್ಕೈದು ಮೀಟರ್‌ನಲ್ಲಿ ನಿಲ್ಲಿ, ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ನೂರು ಮೀಟರ್ ಹಿಂದಕ್ಕೆ ಹೋದರೆ ಡ್ರಮ್ಮಿಗೆ ಕೋಲು ಬಿದ್ದದ್ದು ಕಂಡು ಸುಮಾರು ಮೂರನೇ ಒಂದು ಸೆಕೆಂಡ್ ಆದ ಮೇಲೆ ಸದ್ದು ಬರುತ್ತದೆ. ಸದ್ದಿನ ವೇಗವೇ ಸೆಕೆಂಡಿಗೆ 340 ಮೀಟರ್.

ನೂಕುನುಗ್ಗಲಿನ ಮಾತು. 2000ದಲ್ಲಿ ಡೆನ್ಮಾರ್ಕಿನ ರೋಸ್ಕಿಲ್ಡೆ ಉತ್ಸವದಲ್ಲಿ ಪರ್ಲ್ ಜ್ಯಾಮ್ ಬ್ಯಾಂಡ್ ನುಡಿಸುತ್ತಿದ್ದಾಗ 9 ಜನ, 2021ರಲ್ಲಿ ಅಮೆರಿಕದ ಹ್ಯೂಸ್ಟನ್‌ನ ಆಸ್ಟ್ರೊವರ್ಲ್ಡ್‌ನಲ್ಲಿ 10 ಜನ ತೀರಿಕೊಂಡರು. ನಮ್ಮಲ್ಲೇ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ. ತುಳಿತದಿಂದ ಮಾತ್ರ ಸಾಯುತ್ತಾರೆ ಎಂದುಕೊಂಡಿದ್ದೇವೆ. ಹಾಗಲ್ಲ, ಜನ ಹಿಂದೆ ಮುಂದೆ ಒತ್ತಿದಾಗ ಎದೆ ಅಗಲವಾಗಲು ಜಾಗವಿಲ್ಲದೆ, ನಿಂತ ನಿಲುವಿನಲ್ಲೇ ಉಸಿರು ಕಟ್ಟುತ್ತದೆ. ಒಂದು ಚದರ ಮೀಟರಿಗೆ ನಾಲ್ವರು ಇರುವವರೆಗೆ ಆರಾಮ, ಐದು ದಾಟಿದರೆ ಅಪಾಯ ಶುರು. ಎಣಿಸಲು ಆಗುವುದಿಲ್ಲ, ಆದ್ದರಿಂದ ಆಗಾಗ ಕೈಯೆತ್ತಿ ಮುಖ ಮುಟ್ಟಿಕೊಳ್ಳಿ. ಕೈ ಸಲೀಸಾಗಿ ಬರಲಿಲ್ಲವೆಂದರೆ ಹೊರಡಿ. ನೀವು ಅಲುಗದೆಯೇ ಮೈ ತೂಗುತ್ತಿದೆ ಎಂದರೆ ಹೊರಡಲು ತಡವಾಗುತ್ತಿದೆ.

ಹೊರಡುವುದು ಹೇಗೆ? ಎರಡೂ ಮೊಣಕೈ ಮಡಚಿ ಎದೆಯ ಮುಂದೆ ಇಟ್ಟುಕೊಳ್ಳಿ, ಶ್ವಾಸಕೋಶಕ್ಕೆ ಆ ಒಂದು ಗೇಣು ಜಾಗವೇ ಜೀವ. ಒತ್ತಡದ ಎದುರು ಈಜಬೇಡಿ. ಅಲೆ ಬಂದಾಗ ಕಾಲೂರಿ ನಿಂತು, ಇಳಿದಾಗ ಓರೆಯಾಗಿ ಪಕ್ಕಕ್ಕೂ ಹಿಂದಕ್ಕೂ ಎರಡು ಹೆಜ್ಜೆ ಸರಿಯಿರಿ. ಕೂಗಿ ಉಸಿರು ಕಳೆಯಬೇಡಿ. ಫೋನ್ ಬಿದ್ದರೆ ಬಗ್ಗಬೇಡಿ. ಮುಂದೆಯೇ ಇದ್ದರೆ ಬ್ಯಾರಿಕೇಡಿನಾಚೆಯ ಸಿಬ್ಬಂದಿಗೆ ಕೈಯೆತ್ತಿ ಸನ್ನೆ ಮಾಡಿ, ಅವರು ಎತ್ತಿ ಆಚೆ ಇಳಿಸುತ್ತಾರೆ. ಬ್ಯಾರಿಕೇಡ್ ಎಷ್ಟು ಮುಖ್ಯವೆಂದರೆ 2011ರ ಅಕ್ಟೋಬರ್ 28ರಂದು ಗುರುಗ್ರಾಮದಲ್ಲಿ ಅದು ತಡೆಯದೆ ಹೋಗಿ ಅಮೆರಿಕದ ಮೆಟಾಲಿಕಾ ಬ್ಯಾಂಡಿನ ಶೋ ನಿಂತೇಹೋಯಿತು. ಎರಡು ದಿನದ ಮೇಲೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನುಡಿಸಿದರು.

ಮೆಟಲ್ ಎಂಬ ಅಬ್ಬರದ ರಾಕ್ ಶೋಗಳಲ್ಲಿ ಸುತ್ತು ಕಟ್ಟಿ ಮೈಗೆ ಮೈ ತಾಗಿಸುತ್ತಾ ಕುಣಿಯುವ ಮಾಷ್ ಪಿಟ್ ಬೇರೆಯ ಸಂಗತಿ. ಅಲ್ಲಿ ಬಿದ್ದವರನ್ನು ತಕ್ಷಣ ಎಬ್ಬಿಸುವುದು ಎಲ್ಲರೂ ಪಾಲಿಸುವ ನಿಯಮ. ಕನ್ನಡಕ, ಸರ ತೆಗೆದಿಟ್ಟು ಹೋಗಿ.

ಪ್ರಶ್ನೆ: ಏನೇನು ತೆಗೆದುಕೊಂಡು ಹೋಗಬೇಕು?
— ಓದುಗ, ಹುಬ್ಬಳ್ಳಿ

ಉತ್ತರ: ಕಡಿಮೆ. ಲೇಸು ಗಟ್ಟಿ ಕಟ್ಟಿದ ಹಳೇ ಶೂ (ಮಳೆ ಬಂದರೆ ಮೈದಾನ ಕೆಸರುಗದ್ದೆ), ಮಡಚಿ ಜೇಬಿಗೆ ಹಾಕುವ ರೇನ್‌ಕೋಟ್, ಗುರುತಿನ ಚೀಟಿ, 500 ರೂಪಾಯಿ ನಗದು. ಕೊಡೆ, ನೀರಿನ ಬಾಟಲಿ, ದೊಡ್ಡ ಬ್ಯಾಗ್‌ಗಳನ್ನು ಗೇಟಿನಲ್ಲೇ ಬಿಡಿಸುತ್ತಾರೆ. ಪವರ್ ಬ್ಯಾಂಕ್ ಬಿಡುತ್ತಾರೋ ಇಲ್ಲವೋ ಟಿಕೆಟ್ಟಿನ ಷರತ್ತಿನಲ್ಲಿ ನೋಡಿ. ಮಧ್ಯಾಹ್ನ ಹೊಟ್ಟೆತುಂಬ ಊಟ ಮಾಡಿ ಹೋಗಿ, ಒಳಗೆ ಎಲ್ಲದಕ್ಕೂ ದುಬಾರಿ ಬೆಲೆ. ಟಿಕೆಟ್ಟನ್ನು ಮನೆಯ ವೈಫೈನಲ್ಲೇ ಆ್ಯಪ್‌ನೊಳಗೆ ತೆರೆದಿಟ್ಟುಕೊಳ್ಳಿ. ಕೆಲವು ಟಿಕೆಟ್‌ಗಳ ಕ್ಯೂಆರ್ ಆಗಾಗ ಬದಲಾಗುತ್ತದೆ, ಅದರ ಸ್ಕ್ರೀನ್‌ಶಾಟ್ ಗೇಟಿನಲ್ಲಿ ನಡೆಯುವುದಿಲ್ಲ. ಬೇರೆಯವರು ವಾಟ್ಸ್ಆ್ಯಪ್‌ನಲ್ಲಿ ಮಾರುವ ಸ್ಕ್ರೀನ್‌ಶಾಟ್ ಕೊಂಡು ಮೋಸಹೋಗಲು ಕಾರಣವೂ ಅದೇ.

ಪ್ರಶ್ನೆ: ದೊಡ್ಡ ಶೋಗಳ ಟಿಕೆಟ್ ನಮ್ಮ ಸಂಬಳಕ್ಕೆ ಎಟುಕುವುದಿಲ್ಲ. ಕಡಿಮೆ ಖರ್ಚಿನಲ್ಲಿ ರಾಕ್ ಕೇಳಲು ದಾರಿ ಇದೆಯೇ?
— ಇಬ್ಬರು ಗೆಳೆಯರು, ಬೆಂಗಳೂರು

ಉತ್ತರ: ಇದೆ, ಎಷ್ಟೋ ಸಲ ಅದೇ ಚೆನ್ನ. ಇನ್ನೂರು ಜನ ಹಿಡಿಸುವ ಜಾಗದಲ್ಲಿ ಬೇಸ್ ಗಿಟಾರಿನ ತಂತಿ ಅದುರುವುದೂ ಕಣ್ಣಿಗೆ ಕಾಣುತ್ತದೆ. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್, ಕನ್ನಡದಲ್ಲೂ ಹಾಡುವ ಸ್ವರಾತ್ಮ, ಶರೀಫರ ಪದಗಳನ್ನು ಗಿಟಾರಿನ ಜೊತೆ ಹಾಡುವ ರಘು ದೀಕ್ಷಿತ್, ಮೆಟಲ್‌ನಲ್ಲಿ ಕ್ರಿಪ್ಟೋಸ್, ಇವರೆಲ್ಲ ಬೆಂಗಳೂರನ್ನೇ ನೆಲೆ ಮಾಡಿಕೊಂಡವರು. ಇಂದಿರಾನಗರ, ಕೋರಮಂಗಲದ ಪಬ್‌ಗಳಲ್ಲಿ ಬ್ಯಾಂಡ್‌ಗಳು ನುಡಿಸುತ್ತಲೇ ಇರುತ್ತವೆ. ಬ್ಯಾಂಡ್‌ಗಳ ಇನ್‌ಸ್ಟಾಗ್ರಾಂ ಪುಟ ಹಿಂಬಾಲಿಸಿದರೆ ದಿನಾಂಕ ತಿಳಿಯುತ್ತದೆ.

ಹೋಗುವ ಮುಂಚೆ ಫೋನ್ ಮಾಡಿ ಒಂದು ಮಾತು ಕೇಳಿ: ‘ಇದು ಎಂಟ್ರಿ ಚಾರ್ಜಾ, ಕವರ್ ಚಾರ್ಜಾ?’ ಎಂಟ್ರಿ ದುಡ್ಡು ಹೋದದ್ದೇ. ಕವರ್ ಆದರೆ ಊಟ, ಪಾನೀಯದ ಬಿಲ್ಲಿನಲ್ಲಿ ವಜಾ ಆಗುತ್ತದೆ, ಪೂರ್ತಿಯೋ ಅರ್ಧವೋ ಅದನ್ನೂ ಕೇಳಿ. ಬಿಲ್ಲಿನಲ್ಲಿ ‘ಸರ್ವಿಸ್ ಚಾರ್ಜ್’ ಎಂದು ಸೇರಿಸಿದ್ದರೆ ಅದು ಕಡ್ಡಾಯವಲ್ಲ, ತೆಗೆಯಲು ಹೇಳಬಹುದು. ಜಿಎಸ್‌ಟಿ ಬೇರೆ, ಅದನ್ನು ಕಟ್ಟಲೇಬೇಕು. ಚಿಕ್ಕ ಜಾಗದಲ್ಲಿ ಗೋಡೆಗಳು ಸದ್ದನ್ನು ವಾಪಸ್ ಎಸೆಯುತ್ತವೆ, ಆದ್ದರಿಂದ ಸ್ಪೀಕರಿನ ಎದುರಿನ ಟೇಬಲ್ ಬಿಟ್ಟು ಹಿಂದಿನ ಮೂಲೆ ಹಿಡಿಯಿರಿ. ದಾವಣಗೆರೆಯವರಿಗೆ ಹೇಳಿದ ಪ್ಲಗ್ ಇಲ್ಲಿಗೂ ಬೇಕು.