ಪ್ಯಾಕಿಂಗ್ ಬದಲಿಸುವ ಮೊದಲು ಮಸಿ ಎಲ್ಲಿದೆ ನೋಡಿ

ಅಣ್ಣಾ, ಕರಾವಳಿ ಕಡೆಯಿಂದ ತಂದ ಹಳೇ ಟೂ ಸ್ಟ್ರೋಕ್ ಬೋಟ್ ಮೋಟಾರ್, ಪಿಸ್ಟನ್ ರಿಂಗ್ ಹಾಕಿಸಿದ ಮೇಲೂ ಸೂಳೆಕೆರೆಯಲ್ಲಿ ಸ್ಲೋ ಓಡಿಸಿದರೆ ಎಂಜಿನ್ ಮೇಲಿನ ಮುಚ್ಚಳದೊಳಗೆ ಹೊಗೆ ತುಂಬಿ ಆಫ್ ಆಗುತ್ತದೆ, ಎಕ್ಸಾಸ್ಟ್ ಕವರ್ (ಹೊಗೆ ದಾರಿ ಮುಚ್ಚುವ ತಗಡು) ಪ್ಯಾಕಿಂಗ್ ಬದಲಿಸಿದರೂ ಅದೇ ಕಥೆ ಅಂತ ಬರೆದಿದ್ದೀರಿ. ಕಾರ್ಬೊರೇಟರ್ ತನ್ನ ಹೊಗೆಯನ್ನೇ ಎಳೆದುಕೊಂಡರೆ ಎಂಜಿನ್ ನಿಲ್ಲಲೇಬೇಕು. ಸುಮ್ನೆ ಇನ್ನೊಂದು ಪ್ಯಾಕಿಂಗ್ ತರಬೇಡಿ. ಲೆಗ್, ಅಂದರೆ ಎಂಜಿನ್ ಕೆಳಗೆ ನೀರಿಗಿಳಿಯುವ ಕಾಲು, ಅದರ ಹಿಂದಿನ ಸಣ್ಣ ತೂತಿನಲ್ಲಿ ಹೊಗೆ ಬಂದರೆ ಅದು ಲೀಕ್ ಅಲ್ಲ, ಸ್ಲೋದಲ್ಲಿ ಹೊಗೆ ಹೋಗಲಿ ಅಂತಲೇ ಕೊಟ್ಟಿರುವುದು.

ಮುಚ್ಚಳ ತೆಗೆದು ಟಾರ್ಚ್ ಹಿಡಿದು ನೋಡಿ, ಎಣ್ಣೆ ಜಿಡ್ಡಿನ ಕಪ್ಪು ಮಸಿ ಎಲ್ಲಿ ಗೆರೆ ಎಳೆದಿದೆ? ಕವರ್ ಅಂಚಿನಲ್ಲಾದರೆ ಕವರ್. ಎಂಜಿನ್ ಲೆಗ್ ಮೇಲೆ ಕೂರುವ ಜಾಗದಲ್ಲಾದರೆ ಬೇಸ್ ಪ್ಯಾಕಿಂಗ್ ಹೋಗಿದೆ, ಎಂಜಿನ್ ಎತ್ತಲೇಬೇಕು. ನಿಮ್ಮದು ಇದೇ ಅನ್ನಿಸುತ್ತದೆ. ಪ್ಲಗ್‌ಗಳನ್ನೂ ಬಿಚ್ಚಿ ಪಕ್ಕಪಕ್ಕ ಇಡಿ. ಒಂದು ಮಾತ್ರ ತೊಳೆದಿಟ್ಟ ಹಾಗೆ ಫಳಫಳ ಅಂತಿದ್ದರೆ ಆ ಸಿಲಿಂಡರ್‌ಗೆ ನೀರು ಹೋಗುತ್ತಿದೆ. ಆಗ ಕವರ್ ಒಳಗಿನ ಪ್ಲೇಟನ್ನೂ ಹೆಡ್ ಪ್ಯಾಕಿಂಗನ್ನೂ ನೋಡಬೇಕು. ಬಹಳ ಎಂಜಿನ್‌ಗಳಲ್ಲಿ ಕವರ್ ಎರಡು ಪದರ, ಹೊಗೆ ಒಂದು ಕಡೆ, ತಂಪು ಮಾಡುವ ನೀರು ಇನ್ನೊಂದು ಕಡೆ.

ಬೋಲ್ಟ್ ವಿಷಯದಲ್ಲಿ ಆತುರ ಬೇಡ. ಉಪ್ಪು ನೀರು ಕುಡಿದ ಎಂಜಿನ್‌ನಲ್ಲಿ ಸ್ಟೀಲ್ ಬೋಲ್ಟ್ ಅಲ್ಯೂಮಿನಿಯಂಗೆ ಕಚ್ಚಿಕೊಂಡಿರುತ್ತದೆ. ಪೆಟ್ರೋಲ್ ಟ್ಯಾಂಕು, ಪೈಪು ಪೂರ್ತಿ ದೂರ ಇಟ್ಟು ಬೋಲ್ಟ್ ಸುತ್ತ ಬಿಸಿ ಮಾಡಿ, ತುಸು ಬಿಗಿ ಮಾಡಿ ಆಮೇಲೆ ಸಡಿಲಿಸಿ, ಹಾಗೇ ಹಿಂದೆ ಮುಂದೆ. ತುಂಡಾದರೆ ದಾವಣಗೆರೆಯ ಒಳ್ಳೆ ಲೇತ್ ಅಂಗಡಿಗೆ ಕೊಡಿ, ಕೈ ಡ್ರಿಲ್ ಹಾಕಿ ತೂತು ಸೊಟ್ಟ ಮಾಡಬೇಡಿ.

ಹಳೇ ಪ್ಯಾಕಿಂಗ್ ಕೆರೆದ ಮೇಲೆ ಫೇಸ್, ಅಂದರೆ ಪ್ಯಾಕಿಂಗ್ ಕೂರುವ ಸಪಾಟು ಜಾಗ, ಅದರ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ, ಕೆಳಗಿನ ಸಂದಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಸ್ಟೀಲ್ ಎಲೆಗಳು) ತೂರಿಸಿ. 0.1 ಮಿ.ಮೀ. ಎಲೆ ಒಳಗೆ ಹೋದರೆ ಸೊಟ್ಟ ಆಗಿದೆ ಅಂತ ಲೆಕ್ಕ. ಕವರ್ ಆದರೆ ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಹಾಸಿ, ನೀರು ಬಿಟ್ಟು, ಎಂಟರ ಆಕಾರದಲ್ಲಿ ಉಜ್ಜಿ. ಮೊದಲು ಉಬ್ಬಿದ ಕಡೆ ಮಾತ್ರ ಹೊಳೆಯುತ್ತದೆ, ಪೂರ್ತಿ ಒಂದೇ ಬಣ್ಣಕ್ಕೆ ಬರುವವರೆಗೆ ಬಿಡಬೇಡಿ. ಉಪ್ಪು ತಿಂದು ಆಳವಾಗಿ ಗುಂಡಿ ಬಿದ್ದಿದ್ದರೆ ಉಜ್ಜಿದರೆ ಹೋಗಲ್ಲ, ಅಲ್ಯೂಮಿನಿಯಂ ವೆಲ್ಡ್ ಹಾಕಿಸಿ ಲೇತ್ ಅಂಗಡಿಯಲ್ಲಿ ಫೇಸ್ ಸಪಾಟು ಮಾಡಿಸಬೇಕು. ಸಿಲಿಕಾನ್ ಪೇಸ್ಟ್ ಜಾಸ್ತಿ ಮೆತ್ತಬೇಡಿ, ಅದು ಕಿತ್ತು ನೀರಿನ ದಾರಿಗೆ ಸಿಕ್ಕಿಕೊಂಡರೆ ಎಂಜಿನ್ ಕಾದು ಹಿಡಿದುಕೊಳ್ಳುತ್ತದೆ. ಬೋಲ್ಟ್ ಮಧ್ಯದಿಂದ ಹೊರಕ್ಕೆ ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ, ಎಷ್ಟು ಬಿಗಿ ಅನ್ನುವುದು ನಿಮ್ಮ ಮಾಡೆಲ್‌ನ ಮ್ಯಾನುಯಲ್‌ನಲ್ಲಿ ಇರುತ್ತದೆ.

ಆಮೇಲೆ ನೀರಲ್ಲಿ ತಿರುಗುವ ಫ್ಯಾನ್ (ಪ್ರೊಪೆಲ್ಲರ್) ಬಿಚ್ಚಿ, ನೀರೆಳೆಯುವ ಜಾಗ ಪೂರ್ತಿ ಮುಳುಗುವಷ್ಟು ನೀರಿನ ಡ್ರಮ್‌ನಲ್ಲಿ ಇಟ್ಟು ಸ್ಟಾರ್ಟ್ ಮಾಡಿ. ಎಂಜಿನ್ ತಣ್ಣಗಿರುವಾಗಲೇ ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ, ಲೀಕ್ ಇದ್ದರೆ ಗುಳ್ಳೆ ಏಳುತ್ತದೆ. ಶೆಡ್ ಒಳಗೆ ಖಂಡಿತ ಬೇಡ, ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ, ಬಯಲಲ್ಲೇ ಮಾಡಿ. ಬೇಸ್ ಬಿಚ್ಚಿದಾಗ ಎರಡೂ ಫೇಸ್‌ನ ಫೋಟೊ ಹಾಕಿ, ಉಜ್ಜಿದರೆ ಸಾಕಾ ವೆಲ್ಡ್ ಬೇಕಾ ನೋಡಿ ಹೇಳುತ್ತೇನೆ.