ಗಿಟಾರ್ ಆಂಪ್ ಮಾಡೆಲರ್ ಮನೆಯ ಆಂಪಿನಲ್ಲಿ ಚೆನ್ನಾಗಿದೆ, ಶಿವಮೊಗ್ಗದ ನಮ್ಮ ಚರ್ಚಿನ ಮಿಕ್ಸರಿಗೆ ಹಾಕಿದರೆ ಯಾಕೆ ಕಿರುಚುತ್ತದೆ?

ಮಾಡೆಲರ್ ಅಂದರೆ ಗಿಟಾರ್ ಆಂಪಿನ ಸದ್ದನ್ನು ಡಿಜಿಟಲ್ ಆಗಿ ನಕಲು ಮಾಡುವ ಸಾಧನ. ಬಹುಮಟ್ಟಿಗೆ ಅದರ ‘ಕ್ಯಾಬ್’ ಆಫ್ ಆಗಿರುತ್ತದೆ. ಕ್ಯಾಬ್ ಅಂದರೆ ಗಿಟಾರ್ ಸ್ಪೀಕರ್ ಪೆಟ್ಟಿಗೆಯ ಡಿಜಿಟಲ್ ನಕಲು. ಮನೆಯಲ್ಲಿ ನಿಜವಾದ ಪೆಟ್ಟಿಗೆಯೇ ಇತ್ತು, ನಕಲು ಬೇಕಿರಲಿಲ್ಲ.

ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಸದ್ದನ್ನು ತಾನೇ ಇಳಿಸಿಬಿಡುತ್ತದೆ. ಚರ್ಚಿನ ಸ್ಪೀಕರ್ ಹಾಗಲ್ಲ. ಹಾಡುವವರ ಮಾತು ಸ್ಪಷ್ಟವಾಗಿ ಕೇಳಬೇಕಲ್ವಾ? ಅದಕ್ಕೇ ಮೇಲಿನ ಸದ್ದನ್ನೆಲ್ಲ ಹೊರಗೆ ಬಿಡುತ್ತದೆ. ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಹಾಕಿದರಂತೂ ಜೇನು ಎದ್ದ ಹಾಗೆ ಝುಯ್ ಅನ್ನುತ್ತದೆ.

ಮಿಕ್ಸರಿಗೆ ಹಾಕುವಾಗ ಕ್ಯಾಬ್ ಆನ್ ಮಾಡಿ. ಇನ್ನೂ ಕಿವಿಗೆ ಚುಚ್ಚಿದರೆ ಹೈ ಕಟ್ (ಮೇಲಿನ ಸದ್ದನ್ನು ಕತ್ತರಿಸುವ ಫಿಲ್ಟರ್) 6,000 ಹರ್ಟ್ಸ್‌ಗೆ ಇಡಿ. ರಿವರ್ಬ್ (ದೊಡ್ಡ ಹಾಲಿನ ಗುಂಗು ಕೊಡುವ ಎಫೆಕ್ಟ್) ಜಾಸ್ತಿ ಬೇಡ, ಎತ್ತರದ ಹಾಲ್ ಹೇಗೂ ಗುಂಯ್ ಅನ್ನುತ್ತದೆ. ಶೀಟಿನ ಮಾಡಿನ ಮೇಲೆ ಆಷಾಢದ ಮಳೆ ಸುರಿಯುವಾಗ ನಿಮ್ಮ ಸೂಕ್ಷ್ಮ ಡಿಲೇ (ಪ್ರತಿಧ್ವನಿ ಎಫೆಕ್ಟ್) ಯಾರಿಗೂ ಕೇಳಿಸುವುದಿಲ್ಲ ಬಿಡಿ.